ಹಲ್ಲು ಕಂಡರೆ ಖುಷಿ

ಸಾಯಿರಾಬಿಗೆ ಓದು ಬಾರದು, ಬರಹ ಬಾರದು ಎಂದು ಆಡಿಕೊಳ್ಳುವವರು ಒಮ್ಮೆ ಅವಳ ಮುಂದೆ ಕೈ ಚಾಚಿ ಕೂತು ನೋಡಬೇಕಿತ್ತು. ಕೊಣ್ಣೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಬ್ಬರು ಅಡ್ಡ ಮಲಗಿದರೆ ತುಂಬಿಹೋಗುವಷ್ಟು ಬಳೆ ಅಂಗಡಿ ಅವಳದು. ಹೊಸ್ತಿಲು ದಾಟಿದ ಹೆಂಗಸಿನ ಮುಂಗೈಯನ್ನು ಒಂದು ಸಲ ಕಂಡರೆ ಸಾಕು, ‘ಎರಡ-ನಾಕು’, ‘ಎರಡ-ಆರು’ ಎಂದು ಅಳತೆ ಹೇಳಿಬಿಡುತ್ತಿದ್ದಳು. ಸೋಪಿನ ನೀರು ಸವರಿ, ಹೆಬ್ಬೆರಳ ಬುಡ ಒತ್ತಿ, ಬೆರಳು ಕೂಡಿಸಿ ಬಳೆ ಏರಿಸಿದಳೆಂದರೆ ಗಾಜು ಒಡೆಯುತ್ತಿರಲಿಲ್ಲ, ಚರ್ಮ ಗೀರುತ್ತಿರಲಿಲ್ಲ. ಗಂಡ ಹಾಜಿಮಲಂಗ ಮಣಿಯಾರ ಬಳೆಯ ಗಂಟು ಹೊತ್ತು ಮೂಡಲಗಿಯ ಸಂತೆ, ಹುಕ್ಕೇರಿಯ ಸಂತೆ ಎಂದು ತಿರುಗುತ್ತಿದ್ದ. ಅಂಗಡಿಯ ಯಜಮಾನಿಕೆ ಮಾತ್ರ ಹೆಂಡತಿಯದೇ.

ಇಬ್ಬರಿಗೂ ಇದ್ದವಳು ಒಬ್ಬಳೇ ಮಗಳು, ಹೀನಾ. ನಾಲ್ಕು ತುಂಬಿದರೂ ಮಾತು ಬರಲಿಲ್ಲ. ಐದನೆಯ ವರ್ಷ ಬಾಯಿ ಬಿಟ್ಟವಳು ಅಮ್ಮಿ ಎನ್ನಲಿಲ್ಲ, ಅಬ್ಬಾ ಎನ್ನಲಿಲ್ಲ, ‘ಎರಡ-ಆರು’ ಎಂದಳು! ಎದುರಿಗೆ ಕೂತಿದ್ದ ಹೆಂಗಸಿನ ಕೈಗೆ ಎರಡ-ಆರೇ ಸರಿಯಾಗಿ ಕೂತಿತು. ಮನೆಯಲ್ಲಿ ಉರ್ದು ಆಡುವವರ ಮಗಳು ಅಂಗಡಿಗೆ ಬರುವ ಹೆಣ್ಣುಮಕ್ಕಳ ಕನ್ನಡ ಕಲಿತು ಅದರಲ್ಲೇ ನಿಂತುಬಿಟ್ಟಳು. ಕೊನೆಗೆ ತಾಯಿಯೇ ಸೋತು ಅವಳೊಡನೆ ಕನ್ನಡಕ್ಕೆ ಬಂದಳು.

ಹೀನಾ ಯಾರ ಮುಖವನ್ನೂ ನೋಡುವವಳಲ್ಲ. ನೀವು ಮಾತಾಡಿಸಿದರೆ ನಿಮ್ಮ ಮೊಣಕೈಗೆ ಉತ್ತರ ಹೇಳುತ್ತಿದ್ದಳು. ಬಳೆಯ ಸದ್ದೆಂದರೆ ಅವಳಿಗೆ ಪ್ರಾಣ. ಅಪ್ಪ ತಂದ ಡಜನ್ನನ್ನು ಕಿವಿಯ ಹತ್ತಿರ ಅಲುಗಿಸಿ, ‘ಇದರಾಗ ಒಂದ ಸೀಳೈತಿ’ ಎಂದಳೆಂದರೆ ಸೀಳಿದ ಬಳೆ ಒಂದು ಇದ್ದೇ ಇರುತ್ತಿತ್ತು. ಅಳತೆ ಬೆರೆಸಿದರೆ ಮಾತ್ರ ಮೈಮೇಲೆ ಬಂದವರ ಹಾಗೆ ಕೂಗುತ್ತಿದ್ದಳು. ಚಿಕ್ಕವಳಿದ್ದಾಗ ತಾಯಿ ಹೇಳಿಕೊಟ್ಟ ಅಂಗಡಿಯ ಕಾಯಿದೆ ಅದು: ಒಂದು ಬಳಿ ಎರಡು ಡಬ್ಬ್ಯಾಗ ಇರೂದಿಲ್ಲ. ಅಮ್ಮಿ ಹೇಳಿದ್ದು ಹೀನಾಳಿಗೆ ಕಲ್ಲಿನ ಮೇಲಿನ ಬರಹ. ಅದನ್ನು ಅಳಿಸಬೇಕಾದರೂ ಅಮ್ಮಿಯೇ ಬಾಯಿಬಿಟ್ಟು ಹೇಳಬೇಕು. ಊರವರು ಹುಚ್ಚಿ ಎಂದರು. ಹತ್ತೊಂಬತ್ತನೆಯ ವರ್ಷ ಗೋಕಾಕದ ಶಿಬಿರದಲ್ಲಿ ಡಾಕ್ಟರು ಆಟಿಸಂ ಎಂದರು. ಸಾಯಿರಾಬಿ ಆ ಶಬ್ದವನ್ನು ಎರಡು ದಿನ ನಾಲಿಗೆಯ ಮೇಲೆ ಹೊರಳಿಸಿ ಬಿಟ್ಟುಬಿಟ್ಟಳು. ಹೆಸರಿಟ್ಟ ಮಾತ್ರಕ್ಕೆ ಏನು ಬದಲಾಗುತ್ತದೆ?

ಹದಿನಾರಕ್ಕೇ ಹೀನಾ ಬಳೆ ಇಡುವುದನ್ನು ಕಲಿತಿದ್ದಳು. ತಾಯಿಗಿಂತ ಹಗುರ ಕೈ. ಆದರೆ ಅವಳ ಕೈಗೆ ಕೈ ಕೊಟ್ಟವರು ಒಂದು ಮಾತು ಕೇಳಿಸಿಕೊಂಡೇ ಏಳಬೇಕಿತ್ತು. ಪಕ್ಕದ ಓಣಿಯ ಶಂಕ್ರವ್ವ ಒಮ್ಮೆ ಬಂದು ಕೂತಾಗ ಹೀನಾ ಅವಳ ಹೆಬ್ಬೆರಳ ಬುಡ ಒತ್ತಿದವಳೇ, “ಶಂಕ್ರವ್ವಾ, ನಿನ್ನ ಕೈ ಅತ್ತೇತಿ,” ಎಂದಳು.

“ಏ ಹುಡಗಿ! ಕೈ ಎಲ್ಲ್ಯರ ಅಳ್ತೈತೇನ?” ಎಂದು ನಕ್ಕ ಶಂಕ್ರವ್ವ ಅರೆಗಳಿಗೆಯಲ್ಲಿ ಸೆರಗು ಬಾಯಿಗೆ ಹಿಡಿದು ಗಳಗಳ ಅತ್ತಳು. ಬೆಳಿಗ್ಗೆ ಸೊಸೆಯೊಡನೆ ಜಗಳವಾಗಿ ಒಂದು ತುತ್ತೂ ಉಂಡಿರಲಿಲ್ಲ. ಅಂದಿನಿಂದ ಶಂಕ್ರವ್ವ ಬಳೆ ಬೇಡದ ದಿನವೂ ಬಂದು ಕೈ ಚಾಚಿ ಕೂರುತ್ತಿದ್ದಳು.

ತಾಯಿಯ ಕೈಯ ಸರದಿ ದಿನಾ ಬೆಳಿಗ್ಗೆ. ಬಳೆಗಾರ್ತಿ ಕೈ ಬರಿದಿಟ್ಟುಕೊಂಡು ಅಂಗಡಿ ತೆರೆಯಬಾರದು ಎಂದು ಸಾಯಿರಾಬಿಯ ಅತ್ತೆ ಹಾಕಿಕೊಟ್ಟ ಪದ್ಧತಿ ಇತ್ತು. ಬಾಗಿಲು ತೆರೆಯುವ ಮೊದಲು ಹೀನಾ ಅಮ್ಮಿಯ ಬಲಗೈ ಹಿಡಿದು ಒಂದು ಬಳೆ ತೆಗೆದು ಒಂದು ಬಳೆ ಏರಿಸುತ್ತಿದ್ದಳು. “ಇವತ್ತ ಕೈಗೆ ನಿದ್ದಿ ಆಗಿಲ್ಲ.” “ಇವತ್ತ ಕೈಗೆ ಯಾರ ಮ್ಯಾಲೋ ಸಿಟ್ಟ ಬಂದೇತಿ.” ಹೇಳಿದ್ದೆಲ್ಲ ಖರೆ. ಸಿಟ್ಟು ಬಂದದ್ದು ಹಾಜಿಮಲಂಗನ ಮೇಲೆ ಎಂದೂ ಒಮ್ಮೊಮ್ಮೆ ಹೇಳಿಬಿಡುತ್ತಿದ್ದಳು. ಆ ಬಡಪಾಯಿ ಚಹಾ ಅರ್ಧಕ್ಕೆ ಬಿಟ್ಟು ಸಂತೆಗೆ ಓಡುತ್ತಿದ್ದ. ಆ ಮೂವರೂ ಆಗ ಸುಖವಾಗಿಯೇ ಇದ್ದರು.

ಕೆಟ್ಟದ್ದು ಮೇಲವಂಕಿಯಲ್ಲಿ. ಆ ಊರಿನ ಲಕ್ಷ್ಮಣನ ಮಗಳು ಆಮ್ರಪಾಲಿಯ ಮದುವೆ. ಮದುವೆಗೆ ಮೂರು ದಿನ ಮುಂಚೆ ಬಳೆಗಾರ್ತಿಯನ್ನು ಮನೆಗೆ ಕರೆಸಿ ಮೊದಲು ಮದುಮಗಳಿಗೆ, ಆಮೇಲೆ ನೆರೆದ ಹೆಂಗಸರಿಗೆಲ್ಲ ಹಸಿರು ಬಳೆ ಇಡಿಸುವುದು ನಡೆದುಬಂದ ವಾಡಿಕೆ. ಸಾಯಿರಾಬಿ ಮಗಳನ್ನೂ ಕರೆದುಕೊಂಡು ಹೋಗಿದ್ದಳು. ಮಣೆಯ ಮೇಲೆ ಆಮ್ರಪಾಲಿ ಹಲ್ಲು ಕಾಣುವಂತೆ ನಗುತ್ತ ಕೂತಿದ್ದಳು. ಹೀನಾ ಅವಳ ಕೈ ಹಿಡಿದಳು, ಒತ್ತಿದಳು, ಬಿಟ್ಟಳು. ಬಳೆಯನ್ನು ಡಬ್ಬಿಗೆ ವಾಪಸು ಹಾಕಿದಳು.

“ಈ ಕೈಗೆ ಬಳಿ ಬ್ಯಾಡ ಅಮ್ಮಿ. ಕೈ ಅಂಜೇತಿ. ಓಡಿ ಹೋಗಾಕ ನೋಡಾಕತ್ತೇತಿ.”

ನೆರೆದ ಹೆಂಗಸರ ನಗು ಆರಿತು. ಆಮ್ರಪಾಲಿಯ ನಗು ಮಾತ್ರ ಕದಲಲಿಲ್ಲ. ಲಕ್ಷ್ಮಣ ಹೊರಗಿನಿಂದ ನುಗ್ಗಿಬಂದ.

“ಏನ ಹಚ್ಚೀಯ ಸಾಯಿರಾಬಿ? ಶುಭಕಾರ್ಯದಾಗ ಇಂಥಾ ಮಾತ ಆಡಸಾಕ ಕರಕೊಂಡ ಬಂದೀಯೇನ ಇಕೀನ?”

ಸಾಯಿರಾಬಿ ಕೈ ಮುಗಿದಳು, ಮಗಳ ತಲೆಯ ಮೇಲೆ ಒಂದು ಹಾಕಿದಳು, ಉಳಿದ ಬಳೆಗಳನ್ನು ತಾನೇ ಇಟ್ಟು ತಲೆ ತಗ್ಗಿಸಿ ಹೊರಬಿದ್ದಳು. ಮದುವೆ ಆಯಿತು. ನಾಲ್ಕು ತಿಂಗಳಿಗೆ ಆಮ್ರಪಾಲಿ ಬಲಗೈ ಮುರಿದುಕೊಂಡು ತವರಿಗೆ ಬಂದಳು. ಬಿದ್ದೆ ಎಂದಳು. ಯಾರೂ ನಂಬಲಿಲ್ಲ, ಯಾರೂ ಕೇಳಲೂ ಇಲ್ಲ.

ಈಗಲಾದರೂ ಜನ ಏನನ್ನಬೇಕಿತ್ತು? ಆ ಹುಡುಗಿಗೆ ಮೊದಲೇ ತಿಳಿದಿತ್ತು, ನಾವು ಕಣ್ಣಿದ್ದೂ ಕುರುಡರಾದೆವು ಎನ್ನಬೇಕಿತ್ತು. ಥೂ, ಅದನ್ನಾದರೂ ಅಂದರೆ ಜನ ಹೇಗಾದಾರು! ಮಣಿಯಾರರ ಹುಡುಗಿಯದು ಕರಿನಾಲಗಿ, ಆಡಿದ್ದು ಹತ್ತಿತು ಎಂದರು. ಮೇಲವಂಕಿಯ ಮಾತು ಕೊಣ್ಣೂರಿಗೆ ಬರಲು ಬಸ್ಸು ಬೇಕಾಗಲಿಲ್ಲ. ಮದುವೆಯ ಮನೆಗಳವರು ಸಾಯಿರಾಬಿಯನ್ನು ಕರೆಯುವುದು ನಿಂತಿತು. ಬಸುರಿ ಹೆಂಗಸರು ಅಂಗಡಿಯ ಮುಂದೆ ಹಾಯುವಾಗ ಸೆರಗಿನಲ್ಲಿ ಕೈ ಮುಚ್ಚಿಕೊಂಡರು.

ಶಂಕ್ರವ್ವ ಒಬ್ಬಳು ಬರುವುದು ಬಿಡಲಿಲ್ಲ. ಆದರೆ ಅವಳೇ ಒಂದು ದಿನ ಎಲೆ ಅಡಿಕೆ ಹಾಕಿಕೊಳ್ಳುತ್ತ, “ನೀ ಇರೂಮಟ ಹೆಂಗರ ನಡೀತೈತಿ. ನಿನ್ನ ಬೆನ್ನ ಹಿಂದ ಇಕಿ ಗತಿ ಏನ ಸಾಯಿರಾ?” ಎಂದುಬಿಟ್ಟಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತು ಸಾಯಿರಾಬಿಯ ಎದೆಯಲ್ಲಿ ಹೊಕ್ಕು ಕೂತಿತು. ತಾನು ಕಣ್ಣು ಮುಚ್ಚಿದ ಮೇಲೂ ಹೀನಾ ಈ ಅಂಗಡಿಯಲ್ಲಿ ನಾಲ್ಕು ಜನರ ಹಾಗೆ ಕೂತು ಬದುಕಬೇಕು: ಆಮೇಲೆ ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ.

ಆ ದಿನಗಳಲ್ಲೇ ಮೇಘಾ ಬಂದಳು. ಹುಕ್ಕೇರಿಯ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗೋಕಾಕದ ಶಿಬಿರದ ಯಾದಿಯಲ್ಲಿ ಹೀನಾಳ ಹೆಸರು ಸಿಕ್ಕಿತಂತೆ.

“ಇಂಥಾವರಿಗೆ ಇನ್ನೊಬ್ಬರ ಮನಸ್ಸಿನ ಭಾವನಾ ಹೆಂಗ ತಿಳೀತಾವ ಅನ್ನೂದರ ಮ್ಯಾಲ ಪಿಎಚ್‌ಡಿ ಮಾಡಾಕತ್ತೇನ್ರಿ ಮಾವಶಿ,” ಎಂದಳು.

“ಅಂದ್ರ ಡಾಕ್ಟರೇನ್ರಿ ಬಾಯಾರ?”

“ಔಷಧ ಕೊಡೂ ಡಾಕ್ಟರ್ ಅಲ್ರಿ. ಪುಸ್ತಕದ ಡಾಕ್ಟರ್.”

ಡಾಕ್ಟರ್ ಎಂಬುದೊಂದೇ ಸಾಯಿರಾಬಿಯ ಕಿವಿಯಲ್ಲಿ ಉಳಿಯಿತು. ಮೇಘಾ ಚೀಲದಿಂದ ಮೂವತ್ತಾರು ಚಿತ್ರ ತೆಗೆದಳು. ಎಲ್ಲವೂ ಕುತ್ತಿಗೆಯಿಂದ ಮೇಲಿನ ಮುಖಗಳು. ಖುಷಿ, ದುಃಖ, ಸಿಟ್ಟು, ಅಂಜಿಕೆ, ಹೇಸಿಗೆ, ಸೋಜಿಗ. ಪ್ರತಿ ಮುಖಕ್ಕೂ ಆರರಲ್ಲಿ ಒಂದು ಹೇಳಬೇಕು. ಹೀನಾ ಚಿತ್ರಗಳ ಮೂಲೆ ಸವರಿದಳು, ತಿರುವಿ ಬೆನ್ನು ನೋಡಿದಳು.

“ಇವರಿಗೆ ಕೈ ಇಲ್ಲ,” ಎಂದಳು.

ಮೇಘಾ ಅದನ್ನು ಬರೆದುಕೊಳ್ಳಲಿಲ್ಲ. ಅವಳ ಹಾಳೆಯಲ್ಲಿ ಅಂಥ ಮಾತಿಗೆ ಜಾಗ ಇರಲಿಲ್ಲ. ಮುಗಿಯುವ ಹೊತ್ತಿಗೆ ಮೂವತ್ತಾರಕ್ಕೆ ಏಳು ಸರಿಯಾಗಿದ್ದವು.

“ನಾಪಾಸೇನ್ರಿ?” ಎಂದಳು ಸಾಯಿರಾಬಿ.

“ಇದು ಪರೀಕ್ಷಾ ಅಲ್ರಿ ಮಾವಶಿ. ಮಾರಿ ನೋಡೂದಿಲ್ಲಲ್ರಿ ಹೀನಾ, ಅದಕ್ಕ ಮಂದಿ ಮನಸ್ಸ ತಿಳಿಯವಲ್ದು. ಆರ ತಿಂಗಳ ಬಿಟ್ಟ ಇನ್ನೊಮ್ಮಿ ಬಂದ ಕೇಳತೇನಿ.”

ಕೈಯ ವಿಷಯವನ್ನು ಸಾಯಿರಾಬಿ ಬಾಯಿಬಿಡಲಿಲ್ಲ. ಅವಳ ಪಾಲಿಗೆ ಅದೇ ದೊಡ್ಡ ಜಡ್ಡು. ಮಗಳ ಜಡ್ಡನ್ನು ಯಾವ ತಾಯಿ ತಾನಾಗಿ ಹೊರಗೆ ಹಾಕಿಯಾಳು? ಮಾರಿ ನೋಡಿದರೆ ಮನಸ್ಸು ತಿಳಿಯುತ್ತದೆ ಎಂದು ಓದಿದವಳು ಹೇಳಿ ಹೋದಳು. ಇನ್ನೇನು ಬೇಕು? ಆರು ತಿಂಗಳಿದೆ, ಕಲಿಸಿದರಾಯಿತು.

ಕಲಿಸಿದ್ದು ಬಳೆಗಾರ್ತಿಗೆ ಬರುವ ರೀತಿಯಲ್ಲೇ. ಡಬ್ಬಿಗೆ ಹಾಕಿ ಕೊಟ್ಟರೆ ಹೀನಾ ಏನನ್ನೂ ಮರೆಯಲಾರಳು ಎಂಬುದು ತಾಯಿಗೆ ಗೊತ್ತಿತ್ತು. ಖಾಲಿ ಬಳೆ ಡಬ್ಬಿ ಆರು ತೆಗೆದಳು. ಬಳೆ ಸುತ್ತಿಕೊಡುವ ರದ್ದಿ ಪೇಪರಿನಿಂದ ಮುಖಗಳನ್ನು ಕತ್ತರಿಸಿದಳು. ಹಲ್ಲುಪುಡಿಯ ಜಾಹೀರಾತಿನವರು ಒಂದನೆಯ ಡಬ್ಬಿ: ಹಲ್ಲು ಕಂಡರೆ ಖುಷಿ. ಹೊಳೆ ಬಂದು ಮನೆ ಹೋದ ಹೆಂಗಸರು ಎರಡನೆಯದು: ಕಣ್ಣಾಗ ನೀರಿದ್ದರೆ ದುಃಖ. ವೇದಿಕೆಯ ಮೇಲೆ ಬೆರಳೆತ್ತಿ ಕೂಗುವವರು ಮೂರನೆಯದು: ಹುಬ್ಬು ಗಂಟಾದರೆ ಸಿಟ್ಟು. ಹೀಗೆ ಆರೂ ತುಂಬಿದವು. ದಿನಾ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಮುಖಗಳನ್ನೆಲ್ಲ ಚಾಪೆಯ ಮೇಲೆ ಸುರುವಿ, “ಹಾಕ ನೋಡೂಣು ಡಬ್ಬಿಗೆ,” ಎನ್ನುತ್ತಿದ್ದಳು. ಮೊದಮೊದಲು ಹೀನಾ ಕಣ್ಣು ಮುಚ್ಚಿಕೊಂಡಳು, ಚಾಪೆ ಒದ್ದಳು, ಒಂದು ದಿನ ತಲೆಯನ್ನು ಗೋಡೆಗೆ ಬಡಿದುಕೊಂಡಳು. ತಾಯಿ ಹಠ ಬಿಡಲಿಲ್ಲ.

“ಇನ್ನ ಮ್ಯಾಲ ಯಾರ ಕೈಯೂ ಹಿಡಿಬಾರದು. ಗಿರಾಕಿದೂ ಇಲ್ಲ, ನಂದೂ ಇಲ್ಲ. ಬಳಿ ನಾ ಇಡತೇನಿ. ನೀ ಮಾರಿ ನೋಡಬೇಕು. ತಿಳೀತೇನ?”

“ಅಮ್ಮಿ ಕೈ?”

“ಅಮ್ಮಿ ಕೈನೂ ಹಿಡಿಬಾರದು.”

ಹೀನಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬೆಳಗಿನ ಬಳೆಯ ಪದ್ಧತಿ ಅಂದಿಗೆ ಮುಗಿಯಿತು. ಎರಡು ತಿಂಗಳು ಕಳೆಯುವುದರಲ್ಲಿ ಮುಖಗಳು ಡಬ್ಬಿಗೆ ಸರಿಯಾಗಿ ಬೀಳತೊಡಗಿದವು. ಕೆಲಸ ಮಾಡುವಾಗ ಗುನುಗುತ್ತಿದ್ದವಳು ಗುನುಗುವುದನ್ನು ಬಿಟ್ಟಳು. ಬಳೆಗಳನ್ನು ಕಿವಿಗೆ ಹಿಡಿಯುವುದನ್ನೂ ಬಿಟ್ಟಳು. ಹಾಜಿಮಲಂಗ ಒಂದು ಸಂಜೆ, “ಯಾಕೋ ಮಗಳು ಸಪ್ಪಗ ಆಗ್ಯಾಳಲ್ಲ,” ಎಂದ. “ಸಪ್ಪಗಲ್ಲ, ಶಾಣ್ಯಾ ಆಗ್ಯಾಳ,” ಎಂದಳು ಸಾಯಿರಾಬಿ. ಅವಳು ಹಾಗೆಯೇ ನಂಬಿದ್ದಳು.

ನಂಬಲು ಕಾರಣವೂ ಸಿಕ್ಕಿತು. ಶಂಕ್ರವ್ವನ ಮೊಮ್ಮಗಳ ಮದುವೆಗೆ ಬಳೆ ಇಡಲು ಕರೆ ಬಂತು. ವರ್ಷದ ಮೇಲೆ ಸಿಕ್ಕಿದ ಮೊದಲ ಮದುವೆ ಮನೆ. ಹೀನಾ ಮೂಲೆಯಲ್ಲಿ ಕೈ ಕಟ್ಟಿ ಕೂತು ಒಬ್ಬೊಬ್ಬರ ಮುಖ ನೋಡಿ, “ಎಲ್ಲಾರೂ ಖುಷಿ ಅದಾರ,” ಎಂದಳು. ಹೆಂಗಸರು ಹೋ ಎಂದು ನಕ್ಕರು. ಸುಧಾರಿಸ್ಯಾಳ ನೋಡವ್ವ ನಿನ್ನ ಮಗಳು ಎಂದು ಸಾಯಿರಾಬಿಯ ಉಡಿ ತುಂಬಿ ಕಳಿಸಿದರು. ಅವಳು ದಾರಿಯುದ್ದಕ್ಕೂ ಅತ್ತಳು, ಸಂತೋಷಕ್ಕೆ. ಪಕ್ಕದಲ್ಲಿ ನಡೆಯುತ್ತಿದ್ದ ಹೀನಾ ತಾಯಿಯ ಮುಖ ನೋಡಿ ಡಬ್ಬಿ ಎರಡು ಎಂದಳು, ದುಃಖ ಎಂದಳು. “ಅಲ್ಲವ್ವಾ, ಇದು ಬ್ಯಾರೆ ನೀರು,” ಎಂದು ತಾಯಿ ನಕ್ಕಳು. ಆಗಲೇ ಅವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಆರು ತಿಂಗಳಿಗೆ ಮೇಘಾ ಬಂದಳು. ಈ ಸಲ ಮೂವತ್ತಾರಕ್ಕೆ ಮೂವತ್ನಾಲ್ಕು. ಮೇಘಾ ಹಾಳೆಯನ್ನು ಎರಡು ಸಲ ಎಣಿಸಿದಳು. ಸಾಯಿರಾಬಿ ಉಬ್ಬಿಹೋಗಿ ಆರೂ ಡಬ್ಬಿ ತಂದು ಅವಳ ಮುಂದೆ ಸಾಲಾಗಿ ಇಟ್ಟಳು. ಮಾತಿಗೆ ಮಾತು ಬೆಳೆದು, ಕೈಯ ಕಥೆಯೂ ಅಂದು ಹೊರಬಿತ್ತು. ಜಡ್ಡು ಹೋಯಿತಲ್ಲ, ಇನ್ನು ಹೇಳಲಿಕ್ಕೆ ಅಂಜಿಕೆ ಯಾಕೆ? ಶಂಕ್ರವ್ವನ ಅಳು, ಆಮ್ರಪಾಲಿಯ ಕೈ, ಬೆಳಗಿನ ಬಳೆ, ಎಲ್ಲ ಹೇಳಿದಳು.

ಕೇಳುತ್ತ ಕೇಳುತ್ತ ಮೇಘಾಳ ಮುಖ ಬಿಳಿಚಿತು. ಹಾಳೆ ಮಡಚಿಟ್ಟು ಅಂದಳು, “ನಮ್ಮಣ್ಣ ಶಿವಪುತ್ರನೂ ಹೀನಾನ ಹಂಗ ಅದಾನ್ರಿ ಮಾವಶಿ. ನಾ ಅತ್ತಾಗ ಒಂದ ದಿನಾನೂ ನನ್ನ ಮಾರಿ ನೋಡಲಿಲ್ಲ. ಹೊರಗ ಹೋಗಿ ನನ್ನ ಚಪ್ಪಲ್ ಜೋಡಿಸಿ ಇಡತಿದ್ದ. ಇವಗ ಏನೂ ತಿಳಿಯೂದಿಲ್ಲ ಅಂತ ತಿಳಕೊಂಡ ನಾ ಈ ಓದಿಗೆ ಬಂದೆ. ಈಗ ನೋಡಿದ್ರ ತಿಳೀದಿದ್ದದ್ದು ನನಗ.” ಮೂಗು ಒರೆಸಿಕೊಂಡಳು. “ಮೊದಲನೇ ದಿನ ‘ಇವರಿಗೆ ಕೈ ಇಲ್ಲ’ ಅಂದಳು. ಕೇಳಿಯೂ ಬಿಟ್ಟೆ. ಮಾವಶಿ, ಈ ಡಬ್ಬಿ ತಗದ ಒಗೀರಿ. ಮೊದಲಿನಂಗ ಕೈ ಹಿಡಿಯಾಕ ಬಿಡ್ರಿ ಆಕೀನ.”

ಸಾಯಿರಾಬಿಗೆ ಎಲ್ಲಿಲ್ಲದ ಸಿಟ್ಟು ಬಂತು. ನೀವೇ ಮಾರಿ ನೋಡಬೇಕು ಎಂದಿರಿ, ಈಗ ನೀವೇ ಬೇಡ ಎನ್ನುತ್ತೀರಿ. ಓದಿದವರ ಮಾತಿಗೆ ತಲೆ ಇಲ್ಲ, ಬುಡ ಇಲ್ಲ.

“ಬಾಯಾರ, ನೀವು ಬರಕೊಂಡ ಹೋಗಾವ್ರು. ನಾ ಬಿಟ್ಟ ಹೋಗಾಕಿ. ನಾ ಸತ್ತ ಮ್ಯಾಲ ಈ ಊರ ಮಂದಿ ಕೂಡ ಬಾಳೇವ ಮಾಡಾಕಿ ಇಕಿ. ನೀವಲ್ಲ.”

ಮೇಘಾ ಚೀಲ ಹೆಗಲಿಗೇರಿಸಿದಳು. ಹೋಗುವಾಗ ಹೀನಾಳ ಮುಂದೆ ಕೈ ಚಾಚಿ, “ಒಂದ ಬಳಿ ಇಡ ಹೀನಾ,” ಎಂದಳು. ಹೀನಾ ಕೈ ಬೆನ್ನ ಹಿಂದೆ ಒಯ್ದಳು.

“ಕೈ ಹಿಡಿಬಾರದು. ಅಮ್ಮಿ ಹೇಳ್ಯಾಳ.”

ಹೀನಾಳ ಎರಡೂ ಹಾಳೆಗಳನ್ನು ಮೇಘಾ ಲೆಕ್ಕದಿಂದ ತೆಗೆದುಹಾಕಿದಳಂತೆ. ಕಲಿಸಿದ ಉತ್ತರ ಸಂಶೋಧನೆಗೆ ಬರುವುದಿಲ್ಲ. ಕೈಯ ಬಗ್ಗೆ ಬರೆಯುತ್ತೇನೆ ಎಂದರೆ, ಒಬ್ಬಳನ್ನು ಹಿಡಿದುಕೊಂಡು ಅಧ್ಯಾಯ ಬರೆಯಲಾಗದು ಎಂದು ಮಾರ್ಗದರ್ಶಕರು ಹೇಳಿದರಂತೆ. ಮಿಕ್ಕವರ ಮುಖದ ಲೆಕ್ಕದ ಮೇಲೆ ಪ್ರಬಂಧ ಮುಂದೆ ಸಾಗಿತು.

ಸಾಯಿರಾಬಿ ಅವಳನ್ನು ಮರೆತಳು. ಆದರೆ ಆ ಶ್ರಾವಣದಲ್ಲಿ ಎಂಟು ದಿನದಿಂದ ಅವಳ ಬಲಗೈಗೆ ಜೋಮು ಹಿಡಿಯುತ್ತಿತ್ತು. ಬಳೆ ಏರಿಸುವಾಗ ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಂಡು ಎಣ್ಣೆ ತಿಕ್ಕಿ ಸುಮ್ಮನಾದಳು. ದಿನಾ ಬೆಳಿಗ್ಗೆ ಆ ಕೈ ಹಿಡಿದು ನೋಡುತ್ತಿದ್ದವಳೊಬ್ಬಳು ಮನೆಯಲ್ಲೇ ಇದ್ದಳು. ಮೊದಲಿನ ದಿನಗಳಾಗಿದ್ದರೆ ಅಂದೇ ‘ಇದು ಅಮ್ಮಿ ಕೈ ಅಲ್ಲ’ ಎಂದು ಕೂಗಿ ಓಣಿ ಕೂಡಿಸುತ್ತಿದ್ದಳು. ಈಗ ಆ ಹುಡುಗಿ ಮಾರು ದೂರ ಕೂತು ಅಮ್ಮಿಯ ಮುಖ ನೋಡುತ್ತಿದ್ದಳು, ಮುಖ ಚೆನ್ನಾಗಿಯೇ ಇತ್ತು.

ಹಾಜಿಮಲಂಗ ಮೂಡಲಗಿಯ ಸಂತೆಗೆ ಹೋಗಿದ್ದ ದಿನ. ಒಂಬತ್ತರ ಗೋಕಾಕ ಬಸ್ಸು ಹಾರ್ನು ಹೊಡೆದಾಗ ಸಾಯಿರಾಬಿ ಅಂಗಡಿಯ ಪರದೆಯ ಹಿಂದೆ ಬಳೆಯ ಡಬ್ಬಿ ಇಳಿಸುತ್ತಿದ್ದಳು. ಡಬ್ಬಿ ಕೈಯಿಂದ ಜಾರಿತು. ಹಸಿರು ಬಳೆಗಳು ಚೂರುಚೂರಾದವು. ಬಗ್ಗಲು ಹೋದವಳು ಗೋಡೆಗೆ ಒರಗಿ ಕುಸಿದಳು. ಬಲಗೈ, ಬಲಗಾಲು ತನ್ನವಲ್ಲ ಎನ್ನಿಸಿತು. ಬಾಯಿ ಎಡಕ್ಕೆ ಸೊಟ್ಟಗಾಗಿ ಕಿವಿಯ ಕಡೆಗೆ ಎಳೆಯಿತು. ‘ಹೀನಾ, ಶಂಕ್ರವ್ವನ್ನ ಕರಿ’ ಎಂದು ಕೂಗಿದಳು. ಗಂಟಲಿನಿಂದ ಗಾಳಿ ಮಾತ್ರ ಬಂತು.

ಗಾಜಿನ ಸದ್ದಿಗೆ ಹೀನಾ ಓಡಿಬಂದಳು. ಚೂರುಗಳನ್ನು ದಾಟಿ ಅಮ್ಮಿಯ ಎದುರು ಕುಕ್ಕುರುಗಾಲಲ್ಲಿ ಕೂತಳು. ಅವಳ ಎರಡು ಕೈ ಮುಂದೆ ಬಂದವು, ಅಮ್ಮಿಯ ಬಲಗೈಯ ವರೆಗೂ ಬಂದವು. ಹಿಡಿ, ನನ್ನ ಕಂದಾ, ಹಿಡಿ ಎಂದು ಸಾಯಿರಾಬಿಯ ಜೀವ ಒದ್ದಾಡಿತು. ಹೀನಾಳಿಗೆ ಕಾಯಿದೆ ನೆನಪಾಯಿತು. ಕೈ ಬೆನ್ನ ಹಿಂದೆ ಹೋದವು. ತಾಯಿಯ ಮುಖ ನೋಡಿದಳು, ಕಲಿಸಿದ ಹಾಗೆಯೇ, ಅಚ್ಚುಕಟ್ಟಾಗಿ.

“ಹಲ್ಲ ಕಾಣಾಕತ್ತಾವ. ಡಬ್ಬಿ ಒಂದ. ಅಮ್ಮಿ ಖುಷಿ ಅದಾಳ.”

ಚೂರು ಗುಡಿಸಿ ಹೋಗಿ ಗಾದಿಯ ಮೇಲೆ ಕೂತಳು. ಹತ್ತರ ಬಸ್ಸು ಹೋಯಿತು, ಹನ್ನೊಂದರದು ಹೋಯಿತು. ಪರದೆಯ ಆಚೆ ಶಂಕ್ರವ್ವನ ದನಿ ಕೇಳಿದಾಗ ಸಾಯಿರಾಬಿ ಎಡಗೈಯಿಂದ ನೆಲ ಕೆರೆದಳು.

“ನಿಮ್ಮಮ್ಮಿ ಎಲ್ಲಿ ಹೀನಾ?”

“ಒಳಗ ಅದಾಳ. ಕುಂತಾಳ. ಖುಷಿ ಅದಾಳ.”

“ಖುಷಿ ಇದ್ರ ಸಾಕ ಬಿಡವ್ವ. ಊಟಾ ಮಾಡಿ ಬರತೇನಿ,” ಎಂದು ಶಂಕ್ರವ್ವ ನಗುತ್ತ ಹೋದಳು. ಅವಳ ತಪ್ಪಿಲ್ಲ. ಊರವರೆಲ್ಲ ಸೇರಿ ಆ ಹುಡುಗಿಗೆ ಮುಖ ನೋಡಲು ಕಲಿಸಿಯಾಗಿತ್ತು, ಈಗ ಅವಳ ಮಾತನ್ನು ನಂಬದಿದ್ದರೆ ಹೇಗೆ? ಉಂಡು, ಪಾತ್ರೆ ತೊಳೆದು, ಒಂದು ಗಂಟೆಯ ಬಸ್ಸಿನ ಹೊತ್ತಿಗೆ ತಿರುಗಿ ಬಂದಾಗ ಪರದೆ ಸರಿಸಿ ನೋಡಿ ಬೊಬ್ಬೆ ಹೊಡೆದವಳು ಅವಳೇ.

ಗೋಕಾಕದ ಆಸ್ಪತ್ರೆಯ ಡಾಕ್ಟರು ಅವಳು ಕುಸಿದ ವೇಳೆ ಕೇಳಿದರು. ಒಂಬತ್ತು ಎಂದು ಹೀನಾಳೇ ಹೇಳಿದಳು. ಅವಳಿಗೆ ಸುಳ್ಳು ಬಾರದು. “ಆಗಿಂದಾಗ ತಂದಿದ್ರ ಏನರ ಮಾಡಬಹುದಿತ್ರಿ,” ಎಂದರು ಡಾಕ್ಟರು, ಹಾಜಿಮಲಂಗನ ಮುಖ ನೋಡದೆ. ಹದಿನೈದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಬಲಗೈ ಹೋಯಿತು, ಮಾತು ಹೋಯಿತು. ಬಾಯಿ ಎಡಕ್ಕೆ ಎಳೆದುಕೊಂಡು, ಹಲ್ಲು ಬಿಟ್ಟುಕೊಂಡು ನಿಂತುಬಿಟ್ಟಿತು. ಬುದ್ಧಿ ಮಾತ್ರ ನೆಟ್ಟಗಿದೆ. ಅದೊಂದು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಅವಳು ಅಂಗಡಿಯ ಹಿಂದಿನ ಕೋಣೆಯ ಹಾಸಿಗೆಯಲ್ಲಿ ಇದ್ದಾಳೆ. ನೋಡಲು ಬಂದವರಿಗೆಲ್ಲ ಹೀನಾ ಬಾಗಿಲಲ್ಲೇ ಹೇಳುತ್ತಾಳೆ, ಅಮ್ಮಿ ಖುಷಿ ಅದಾಳ. ಬಂದವರು ಸೆರಗು ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಹಾಸಿಗೆಯಲ್ಲಿ ಮಲಗಿ ಮಲಗಿ ಸಾಯಿರಾಬಿಗೆ ತಿಳಿದದ್ದು ಒಂದೇ. ತನ್ನ ಬೆನ್ನ ಹಿಂದೆ ಇವಳ ಗತಿ ಏನು ಎಂದು ಹೆದರಿದ್ದಳಲ್ಲ, ಆ ಗತಿಯನ್ನು ತಾನು ಬದುಕಿದ್ದಾಗಲೇ ತನ್ನ ಕೈಯಾರೆ ಮಾಡಿಟ್ಟಿದ್ದಾಳೆ. ಜಗತ್ತಿನಲ್ಲಿ ಒಬ್ಬರ ಕೈ ಹಿಡಿದು ಒಳಗಿನದನ್ನು ಕೇಳಬಲ್ಲವಳಾಗಿದ್ದಳು ಮಗಳು. ಆ ಒಂದನ್ನೂ ಕಿತ್ತುಕೊಂಡು ಕಾಗದದ ಮುಖ ಕೊಟ್ಟವಳು ತಾನು.

ಮೇಘಾಳೂ ಒಮ್ಮೆ ಬಂದಳು. ಸಾಯಿರಾಬಿಯ ಎಡಗೈ ಹಿಡಿದು ಕೂತಳು. ಆ ಕೈ ಇನ್ನೂ ಬೆಚ್ಚಗಿದೆ, ಒತ್ತುತ್ತದೆ, ನಡುಗುತ್ತದೆ, ಹೇಳುವುದೆಲ್ಲ ಅದರಲ್ಲಿದೆ. ಮೇಘಾಳಿಗೆ ಅದು ಗೊತ್ತಾಯಿತು. ಆದರೆ ಗೊತ್ತಾಗಬೇಕಾದವಳು ಅವಳಲ್ಲ.

“ಹೀನಾ, ಬಾ ಇಲ್ಲೆ. ಅಮ್ಮಿ ಕೈ ಹಿಡಿ.”

“ಅಮ್ಮಿ ಬ್ಯಾಡ ಅಂದಾಳ.”

“ಈಗ ಹಿಡಿಬಹುದವ್ವ, ನಾ ಹೇಳತೇನಿ,” ಎಂದ ಹಾಜಿಮಲಂಗ.

“ಅಮ್ಮಿ ಹೇಳ್ಯಾಳ. ಅಮ್ಮೀನೇ ಹೇಳಬೇಕು,” ಎಂದಳು ಹೀನಾ.

ಎಲ್ಲರೂ ಸಾಯಿರಾಬಿಯ ಕಡೆಗೆ ನೋಡಿದರು. ಅವಳು ಬಾಯಿ ತೆರೆದಳು. ಹಿಡಿ ಎಂಬ ಎರಡಕ್ಷರಕ್ಕೆ ಮೈಯಲ್ಲಿದ್ದ ಜೀವವನ್ನೆಲ್ಲ ಕೂಡಿಸಿದಳು. ಗಂಟಲು ಗೊರಗೊರ ಎಂದಿತು, ಹಲ್ಲು ಮತ್ತಷ್ಟು ಕಂಡವು. ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು.

ಹೀನಾ ಹತ್ತಿರ ಬಂದಳು. ಬಹಳ ಹೊತ್ತು ಅಮ್ಮಿಯ ಮುಖವನ್ನು ನೋಡಿದಳು. ಅವಳ ಉಸಿರು ಜೋರಾಯಿತು, ಬೆರಳುಗಳು ಒಂದಕ್ಕೊಂದು ಹೊಸೆದುಕೊಂಡವು. ಹಲ್ಲು ಕಾಣುತ್ತಿವೆ, ಡಬ್ಬಿ ಒಂದು. ಕಣ್ಣಲ್ಲಿ ನೀರಿದೆ, ಡಬ್ಬಿ ಎರಡು. ಒಂದು ಬಳಿ ಎರಡು ಡಬ್ಬ್ಯಾಗ ಇರೂದಿಲ್ಲ. ಓಢ್ನಿಯ ತುದಿ ತೆಗೆದು, ಕೈ ತಗಲದ ಹಾಗೆ, ಅಮ್ಮಿಯ ಎರಡೂ ಕಣ್ಣು ಮೆಲ್ಲಗೆ ಒರೆಸಿದಳು. ಕೆನ್ನೆಯನ್ನೂ ಒಣಗಿಸಿದಳು. ದೂರ ಸರಿದು ಇನ್ನೊಮ್ಮೆ ನೋಡಿದಳು.

“ಈಗ ಸರಿ ಆತು,” ಎಂದಳು. “ಅಮ್ಮಿ ಖುಷಿ ಅದಾಳ.”